ಗ್ಯಾಸ್ ಟರ್ಬೈನ್‌ಗೆ ಶೇ. 30 ಹೈಡ್ರೋಜನ್ ಬೆರೆಸಿದರೆ ನಿಜಕ್ಕೂ ಎಷ್ಟು ಲಾಭ?

ಹೆಬ್ಬಾಳ್ ಲೇತ್
ನಮ್ಮದು ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಣ್ಣ ಮಷೀನ್ ಶಾಪ್. ವಾಲ್ವ್ ಬಾಡಿ, ಫ್ಲ್ಯಾಂಜ್, ನಾಜಲ್ ಇಂಥ ಕೆಲಸ ಮಾಡುತ್ತೇವೆ. ಈಗ ಒಂದು ಕಡೆಯಿಂದ ಗ್ಯಾಸ್ ಟರ್ಬೈನ್ ಬರ್ನರ್‌ನ ಬಿಡಿಭಾಗಗಳಿಗೆ ಕೊಟೇಶನ್ ಕೇಳಿದ್ದಾರೆ. ನಿಕಲ್ ಅಲಾಯ್, ತುಂಬಾ ಸಣ್ಣ ತೂತುಗಳು, ಬಿಗಿಯಾದ ಟಾಲರೆನ್ಸ್. ನೈಸರ್ಗಿಕ ಅನಿಲಕ್ಕೆ ಶೇ. 30ರಷ್ಟು ಹೈಡ್ರೋಜನ್ ಬೆರೆಸಿ ಉರಿಸುವ ಟರ್ಬೈನ್‌ಗೆ ಇದು ಬೇಕಂತೆ. ಒಪ್ಪಿಕೊಂಡರೆ ಹೊಸ ಮಷೀನ್ ಬೇಕು. ಅದಕ್ಕೆ ಬ್ಯಾಂಕ್ ಸಾಲ ಆಗಬೇಕು.

ಸಾಲ ಮಾಡುವ ಮೊದಲು ವಿಷಯ ತಿಳಿದುಕೊಳ್ಳೋಣ ಅಂತ ಕೇಳುತ್ತಿದ್ದೇನೆ. ಈ ಬೆರಕೆ ಉರಿಸುವುದು ನಿಜಕ್ಕೂ ನಡೆಯುತ್ತಿದೆಯಾ, ಅಥವಾ ನಾಲ್ಕು ದಿನದ ಸುದ್ದಿಯಾ? ಹೊಗೆ ನಿಜಕ್ಕೂ ಕಡಿಮೆಯಾಗುತ್ತದಾ? ನಮ್ಮ ರಾಜ್ಯದಲ್ಲಿ ಇದಕ್ಕೆ ಜಾಗ ಇದೆಯಾ? ಪವರ್ ಪ್ಲಾಂಟ್‌ನಲ್ಲಿ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಮೆಕ್ ಕೊನೇ ವರ್ಷ
ಸಾರ್, ಧೈರ್ಯವಾಗಿ ತೆಗೆದುಕೊಳ್ಳಿ. ಹೈಡ್ರೋಜನ್ ಉರಿದರೆ ಬರೋದು ಬರೀ ನೀರಾವಿ. ಶೇ. 30 ಬೆರೆಸಿದರೆ ಇಂಗಾಲದ ಡೈಆಕ್ಸೈಡ್ ಶೇ. 30 ಕಡಿಮೆ ಆದ ಹಾಗೆ. ಕೇಂದ್ರದ ಗ್ರೀನ್ ಹೈಡ್ರೋಜನ್ (ಸೋಲಾರ್, ಗಾಳಿ ಕರೆಂಟ್‌ನಿಂದ ನೀರು ಒಡೆದು ಮಾಡೋದು) ಮಿಷನ್‌ಗೆ 2023ರ ಜನವರಿಯಲ್ಲೇ 19,744 ಕೋಟಿ ರೂಪಾಯಿ ಮಂಜೂರಾಗಿದೆ. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ತಯಾರಿಸುವ ಗುರಿ ಇದೆ.

ಶಕ್ತಿನಗರದಿಂದ ಕುವೆಂಪುನಗರ
ಇಲ್ಲಪ್ಪಾ, ಆ ಲೆಕ್ಕ ಸರಿಯಿಲ್ಲ. ಈ ಒಂದು ವಿಷಯದಲ್ಲೇ ಬಹಳ ಜನ ಎಡವುತ್ತಾರೆ. ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶೇ. 30 ಅನ್ನೋದು ಗಾತ್ರದ ಲೆಕ್ಕ, ಶಾಖದ ಲೆಕ್ಕ ಅಲ್ಲ. ನೈಸರ್ಗಿಕ ಅನಿಲ ಅಂದರೆ ಬಹುಪಾಲು ಮೀಥೇನ್. ಒಂದು ಘನ ಮೀಟರ್ ಮೀಥೇನ್ ಉರಿದರೆ ಸುಮಾರು 36 ಮೆಗಾಜೂಲ್ ಶಾಖ ಬರುತ್ತದೆ. ಅಷ್ಟೇ ಗಾತ್ರದ ಹೈಡ್ರೋಜನ್ ಉರಿದರೆ ಬರೋದು 11ರ ಒಳಗೆ. ತೂಕದಲ್ಲಿ ನೋಡಿದರೆ ಹೈಡ್ರೋಜನ್ನೇ ಮುಂದು, ಕಿಲೋಗೆ 120 ಮೆಗಾಜೂಲ್. ಮೀಥೇನ್ 50. ಆದರೆ ಹೈಡ್ರೋಜನ್ ತುಂಬಾ ಹಗುರ. ಪೈಪಿನಲ್ಲಿ ಹರಿಯುವಾಗ ಗಾತ್ರವೇ ಮುಖ್ಯ.

ಹಾಗಾಗಿ 100 ಭಾಗದಲ್ಲಿ 30 ಭಾಗ ಹೈಡ್ರೋಜನ್ ಇದ್ದರೂ ಒಟ್ಟು ಶಾಖದಲ್ಲಿ ಅದರ ಪಾಲು ಶೇ. 11 ಚಿಲ್ಲರೆ. ಇಂಗಾಲವೂ ಅಷ್ಟೇ ಕಡಿಮೆಯಾಗೋದು. ಶೇ. 10 ಬೆರೆಸಿದರೆ ಶೇ. 3 ಚಿಲ್ಲರೆ, ಶೇ. 20ಕ್ಕೆ ಶೇ. 7, ಶೇ. 50ಕ್ಕೆ ಶೇ. 23. ಪೇಪರ್‌ನಲ್ಲಿ ದಪ್ಪಕ್ಷರದಲ್ಲಿ ಬರೋದು ಬೆರೆಸಿದ ಪ್ರಮಾಣ. ಕಡಿಮೆಯಾದ ಹೊಗೆ ಎಷ್ಟು ಅಂತ ನಾವೇ ಹುಡುಕಿ ನೋಡಬೇಕು.

ಸಕ್ಕರೆನಾಡು
ಹಾಗಾದ್ರೆ ಹೊಗೆ ಅರ್ಧಕ್ಕೆ ಇಳಿಸಬೇಕು ಅಂದ್ರೆ ಎಷ್ಟು ಬೆರೆಸಬೇಕು ಸಾರ್?

ಶಕ್ತಿನಗರದಿಂದ ಕುವೆಂಪುನಗರ
ಸುಮಾರು ಶೇ. 77.

ಸಕ್ಕರೆನಾಡು
ಅಬ್ಬಾ!

ಮೆಕ್ ಕೊನೇ ವರ್ಷ
ಸರಿ ಸಾರ್, ಗಾತ್ರದ ಲೆಕ್ಕ ಹಾಗೇ ಇರಲಿ. ಆದರೆ ಶೇ. 11 ಅಂದರೂ ಸಣ್ಣದಲ್ಲ. ಕಲ್ಲಿದ್ದಲಿನಿಂದ ಗ್ಯಾಸ್‌ಗೆ ಬಂದರೆ ಹೊಗೆ ಅರ್ಧದ ಹತ್ತಿರ ಇಳಿಯುತ್ತದೆ. ಅದರ ಮೇಲೆ ಇನ್ನೂ ಶೇ. 11. ಇರೋ ಟರ್ಬೈನನ್ನೇ ಸ್ವಲ್ಪ ಬದಲಾಯಿಸಿ ಇಷ್ಟು ಸಿಕ್ಕರೆ ಯಾಕೆ ಬಿಡಬೇಕು?

ಬೋಗಾದಿ ಜ್ವಾಲೆ
ಆ "ಸ್ವಲ್ಪ ಬದಲಾಯಿಸಿ" ಅನ್ನೋದರಲ್ಲೇ ಎಲ್ಲ ಕಷ್ಟ ಇರೋದು. ನಾನು ಓದಿದ್ದು, ಕೆಲಸ ಮಾಡಿದ್ದು ಎರಡೂ ದಹನದ ಮೇಲೆಯೇ. ಹೆಬ್ಬಾಳದವರಿಗೂ ಇದು ನೇರವಾಗಿ ಬೇಕಾದ ವಿಷಯ.

ಮನೆಯ ಗ್ಯಾಸ್ ಒಲೆಯಲ್ಲಿ ಉರಿ ಪೂರ್ತಿ ಸಣ್ಣ ಮಾಡಿದಾಗ ಕೆಲವೊಮ್ಮೆ "ಟಪ್" ಅಂತ ಶಬ್ದ ಬಂದು ಉರಿ ಬರ್ನರ್ ಒಳಗೆ ಹೋಗುತ್ತದೆ, ನೋಡಿರುತ್ತೀರಿ. ಅನಿಲ ಹೊರಗೆ ಬರುವ ವೇಗಕ್ಕಿಂತ ಉರಿ ಹಿಂದಕ್ಕೆ ಓಡುವ ವೇಗ ಜಾಸ್ತಿಯಾದಾಗ ಹೀಗಾಗುತ್ತದೆ. ಟರ್ಬೈನ್‌ನಲ್ಲಿ ಇದಕ್ಕೆ ಫ್ಲ್ಯಾಶ್‌ಬ್ಯಾಕ್ ಅನ್ನುತ್ತಾರೆ. ಮೀಥೇನ್ ಉರಿಯ ವೇಗ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್. ಹೈಡ್ರೋಜನ್‌ದು 2 ಮೀಟರ್‌ಗೂ ಮೇಲೆ.

ಈಗಿನ ಟರ್ಬೈನ್‌ಗಳಲ್ಲಿ ಅನಿಲ ಮತ್ತು ಗಾಳಿಯನ್ನು ಮೊದಲೇ ಚೆನ್ನಾಗಿ ಬೆರೆಸಿ, ಆಮೇಲೆ ಉರಿಸುತ್ತಾರೆ. ಉರಿ ಒಂದೇ ಸಮ ಇರಲಿ, ಎಲ್ಲೂ ಅತಿಯಾಗಿ ಕಾಯದಿರಲಿ ಅಂತ. ಅತಿ ಕಾದರೆ ಗಾಳಿಯಲ್ಲಿರುವ ಸಾರಜನಕವೇ ಆಮ್ಲಜನಕದ ಜೊತೆ ಸೇರಿ ನಾಕ್ಸ್ ಅನ್ನೋ ಕೆಟ್ಟ ಅನಿಲ ಆಗುತ್ತದೆ. ಹೀಗೆ ಮೊದಲೇ ಬೆರೆಸಿದ ಕೊಳವೆಯೊಳಗೆ ಹೈಡ್ರೋಜನ್ ಉರಿ ಹಿಂದಕ್ಕೆ ನುಗ್ಗಿದರೆ ನಾಜಲ್ ತುದಿ ಕರಗಿಹೋಗುತ್ತದೆ. ಕ್ಷಣಗಳ ಕೆಲಸ ಅದು.

ಸಮಾಧಾನದ ವಿಷಯ ಏನೆಂದರೆ ಬೆರಕೆ ಏರಿದಷ್ಟೇ ಸಮವಾಗಿ ಉರಿಯ ವೇಗ ಏರುವುದಿಲ್ಲ. ಶೇ. 30ರವರೆಗೆ ನಿಧಾನಕ್ಕೆ ಏರುತ್ತದೆ. ಶೇ. 60-70 ದಾಟಿದ ಮೇಲೆ ಜಿಗಿಯುತ್ತದೆ. ಕಂಪನಿಗಳು ಮೊದಲು ಶೇ. 30ರ ಮಾತಾಡುವುದಕ್ಕೆ ಇದೂ ಒಂದು ಕಾರಣ. ಅದಕ್ಕಿಂತ ಮೇಲೆ ಹೋಗಬೇಕಾದರೆ ದೊಡ್ಡ ನಾಜಲ್ ಬಿಟ್ಟು ನೂರಾರು ಸಣ್ಣ ಕೊಳವೆಗಳಲ್ಲಿ ಬೆರೆಸುವ ಹೊಸ ಬರ್ನರ್ ಬೇಕು. ನಿಮಗೆ ಬಂದಿರುವ ಡ್ರಾಯಿಂಗ್‌ನಲ್ಲಿ ಸಣ್ಣ ತೂತುಗಳು ಅಷ್ಟೊಂದು ಇದ್ದರೆ ಅವರು ಶೇ. 30ಕ್ಕಿಂತ ಮುಂದಿನದನ್ನೂ ಯೋಚಿಸುತ್ತಿರಬಹುದು. ಕೇಳಿ ನೋಡಿ.

ಹೆಬ್ಬಾಳ್ ಲೇತ್
ಮೇಡಂ, ತುಂಬಾ ಥ್ಯಾಂಕ್ಸ್. ತೂತುಗಳು ಬೇಕಾದಷ್ಟಿವೆ. ಹೈಡ್ರೋಜನ್‌ನಿಂದ ಅತಿ ಕಾದು ನಾಕ್ಸ್ ಜಾಸ್ತಿ ಆಗುತ್ತದೆ ಅಂದರೆ ಒಂದು ಹೊಗೆ ಬಿಟ್ಟು ಇನ್ನೊಂದು ಹೊಗೆ ತಗೊಂಡ ಹಾಗೆ ಆಗಲ್ವಾ?

ಬೋಗಾದಿ ಜ್ವಾಲೆ
ನಿಯಂತ್ರಣ ಇಲ್ಲದಿದ್ದರೆ ಖಂಡಿತ ಆಗುತ್ತದೆ. ಹೈಡ್ರೋಜನ್ ಉರಿ ಮೀಥೇನ್‌ಗಿಂತ 150 ಡಿಗ್ರಿಯಷ್ಟು ಬಿಸಿ. ಹಳೆಯ ಮಾದರಿಯ ಬರ್ನರ್‌ಗಳಲ್ಲಿ ನೀರು ಅಥವಾ ಸ್ಟೀಮ್ ಚಿಮ್ಮಿಸಿ ತಣ್ಣಗೆ ಮಾಡುತ್ತಾರೆ. ಹೊಸದರಲ್ಲಿ ಗಾಳಿ ಜಾಸ್ತಿ ಕೊಟ್ಟು ತೆಳುವಾಗಿ ಬೆರೆಸುತ್ತಾರೆ. ಚಿಮಣಿಯ ಬುಡದಲ್ಲಿ ಅಮೋನಿಯ ಹಾಕಿ ತೊಳೆಯುವ ವ್ಯವಸ್ಥೆಯೂ ಇದೆ.

ಅಳತೆಯಲ್ಲೂ ಒಂದು ಸೂಕ್ಷ್ಮ ಇದೆ. ನಾಕ್ಸನ್ನು ನೀರಾವಿ ತೆಗೆದ ಒಣ ಹೊಗೆಯಲ್ಲಿ, ಶೇ. 15 ಆಮ್ಲಜನಕಕ್ಕೆ ಸರಿಹೊಂದಿಸಿ ಪಿಪಿಎಂನಲ್ಲಿ (ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ ಅಂತ) ಹೇಳುತ್ತಾರೆ. ಹೈಡ್ರೋಜನ್ ಹೊಗೆಯಲ್ಲಿ ನೀರಾವಿ ಜಾಸ್ತಿ. ಅದನ್ನು ತೆಗೆದು ಅಳೆದಾಗ ಉಳಿದದ್ದು ಗಟ್ಟಿಯಾಗಿ ಕಾಣುತ್ತದೆ. ಪೂರ್ತಿ ಹೈಡ್ರೋಜನ್ ಆದರೆ ಅದೇ ಪ್ರಮಾಣದ ನಾಕ್ಸ್ ಶೇ. 35-40 ಜಾಸ್ತಿ ಇದ್ದಂತೆ ತೋರುತ್ತದೆ. ಶೇ. 30 ಬೆರಕೆಯಲ್ಲಿ ಈ ವ್ಯತ್ಯಾಸ ಚಿಕ್ಕದು.

ವಿ.ಸಿ. ನಾಲೆ
ಎಲ್ಲ ಸರಿ. ಎಲ್ಲಿ ಮಾಡಿದ್ದಾರೆ ಹೇಳಿ. ಪ್ರಯೋಗಾಲಯದ ಮಾತು ಬೇಡ. ಕರೆಂಟ್ ಗ್ರಿಡ್‌ಗೆ ಹೋಗಿರಬೇಕು.

ಟರ್ಬೈನ್ ಸರ್ವಿಸ್
ನಾನು ಇದೇ ಕ್ಷೇತ್ರದ ಸರ್ವಿಸ್ ಕಡೆ ಇದ್ದೇನೆ, ಊರು ಮದ್ದೂರು. ಸುಮಾರು ಕಡೆ ಆಗಿದೆ ಅಣ್ಣ.

ಅಮೆರಿಕದ ಓಹಾಯೊದಲ್ಲಿ ಲಾಂಗ್ ರಿಡ್ಜ್ ಅಂತ 485 ಮೆಗಾವ್ಯಾಟ್ ಸ್ಥಾವರ ಇದೆ. ಅಲ್ಲಿ 2022ರಲ್ಲಿ ಶೇ. 5 ಬೆರೆಸಿ ಓಡಿಸಿದರು. ಅದೇ ವರ್ಷ ಜಾರ್ಜಿಯಾದ ಮೆಕ್‌ಡೊನೋ-ಆಟ್ಕಿನ್ಸನ್ ಸ್ಥಾವರದಲ್ಲಿ ಮಿತ್ಸುಬಿಷಿಯ ದೊಡ್ಡ ಟರ್ಬೈನ್‌ಗೆ ಶೇ. 20 ಬೆರೆಸಿದರು. ಇಂಗಾಲ ಕಡಿಮೆಯಾಗಿದ್ದು ಸುಮಾರು ಶೇ. 7. 2025ರಲ್ಲಿ ಅಲ್ಲೇ ಶೇ. 50ಕ್ಕೆ ಹೋದರು, ಇಂಗಾಲ ಶೇ. 22ರಷ್ಟು ಇಳಿಯಿತು. ಮೇಲೆ ಸಾರ್ ಕೊಟ್ಟ ಲೆಕ್ಕಕ್ಕೂ ಇದಕ್ಕೂ ತಾಳೆಯಾಗುತ್ತದೆ ನೋಡಿ. ನ್ಯೂಯಾರ್ಕ್ ಹತ್ತಿರದ ಬ್ರೆಂಟ್‌ವುಡ್‌ನಲ್ಲಿ ಎಲ್‌ಎಂ6000 ಟರ್ಬೈನ್‌ಗೆ ಶೇ. 5ರಿಂದ 44ರವರೆಗೆ ಬೆರೆಸಿ ನೋಡಿದ್ದಾರೆ. ಅಲ್ಲಿ ನೀರು ಚಿಮ್ಮಿಸುವುದನ್ನು ಹೆಚ್ಚಿಸಿ ನಾಕ್ಸ್ ಹಿಡಿತದಲ್ಲಿಟ್ಟರು.

ಪೂರ್ತಿ ಹೈಡ್ರೋಜನ್ ಉರಿಸಿದ್ದೂ ಇದೆ. ಜಪಾನಿನ ಕೋಬೆಯಲ್ಲಿ ಕವಾಸಾಕಿಯವರು 2018ರಲ್ಲಿ 1 ಮೆಗಾವ್ಯಾಟ್ ಮಟ್ಟದ ಟರ್ಬೈನ್‌ನಿಂದ ಊರೊಳಗಿನ ಕಟ್ಟಡಗಳಿಗೆ ಕರೆಂಟು, ಬಿಸಿ ಎರಡೂ ಕೊಟ್ಟರು. ಫ್ರಾನ್ಸಿನ ಒಂದು ಕಾಗದ ಕಾರ್ಖಾನೆಯಲ್ಲಿ 2023ರಲ್ಲಿ ಸೀಮೆನ್ಸ್‌ನ ಎಸ್‌ಜಿಟಿ-400 ಟರ್ಬೈನ್ ಬರೀ ಹೈಡ್ರೋಜನ್ ಮೇಲೆ ಓಡಿತು.

ಇದು ಹೊಸದೇ ಅಂತಲೂ ಅಲ್ಲ. ದಕ್ಷಿಣ ಕೊರಿಯಾದ ಡೇಸಾನ್ ರಿಫೈನರಿಯಲ್ಲಿ ಅಮೆರಿಕದ ಜಿಇ ಕಂಪನಿಯ 6ಬಿ ಟರ್ಬೈನ್ ಶೇ. 70ಕ್ಕೂ ಜಾಸ್ತಿ ಹೈಡ್ರೋಜನ್ ಇರುವ ಅನಿಲವನ್ನು 20 ವರ್ಷಕ್ಕೂ ಹೆಚ್ಚು ಕಾಲ ಉರಿಸಿದೆ. ರಿಫೈನರಿಯಲ್ಲಿ ಮಿಕ್ಕ ಅನಿಲ ಅದು. ಅಲ್ಲಿ ಹಳೆಯ ಮಾದರಿ ಬರ್ನರ್, ಮೊದಲೇ ಬೆರೆಸುವ ತಾಪತ್ರಯ ಇಲ್ಲ. ಕಷ್ಟ ಇರೋದು ಹೈಡ್ರೋಜನ್ ಉರಿಸುವುದರಲ್ಲಿ ಅಲ್ಲ, ನಾಕ್ಸ್ ಕಡಿಮೆ ಇಟ್ಟುಕೊಂಡು ಉರಿಸುವುದರಲ್ಲಿ.

ವಿ.ಸಿ. ನಾಲೆ
ನಮ್ಮ ದೇಶದಲ್ಲಿ?

ಟರ್ಬೈನ್ ಸರ್ವಿಸ್
ಗುಜರಾತಿನ ಕವಾಸ್‌ನಲ್ಲಿ ಕೇಂದ್ರದ ವಿದ್ಯುತ್ ಕಂಪನಿ ಎನ್‌ಟಿಪಿಸಿಯ ಟೌನ್‌ಶಿಪ್‌ನ ಅಡುಗೆಮನೆಗಳಿಗೆ ಹೋಗುವ ಪೈಪ್ ಗ್ಯಾಸ್‌ಗೆ 2023ರ ಜನವರಿಯಿಂದ ಗ್ರೀನ್ ಹೈಡ್ರೋಜನ್ ಬೆರೆಸಿದ್ದಾರೆ, ಶೇ. 5ರಿಂದ ಶುರು. ಅಲ್ಲಿನ ಟರ್ಬೈನ್‌ಗೂ ಬೆರೆಸಬಹುದಾ ಅಂತ ಅಧ್ಯಯನ ಮಾಡಲು ಜಿಇ ಜೊತೆ ಒಪ್ಪಂದ ಆಗಿತ್ತು.

ಪಾಂಡವಪುರ ಕಬ್ಬು
ನಮ್ಮ ಕಡೆ ಸಕ್ಕರೆ ಕಾರ್ಖಾನೆಗಳಲ್ಲೂ ಟರ್ಬೈನ್ ಇವೆಯಲ್ಲ, ಕರೆಂಟ್ ಮಾಡಿ ಮಾರುತ್ತಾರೆ. ಅದಕ್ಕೂ ಹೈಡ್ರೋಜನ್ ಬೆರೆಸಬಹುದಾ?

ಶಕ್ತಿನಗರದಿಂದ ಕುವೆಂಪುನಗರ
ಅದು ಬೇರೆ, ಇದು ಬೇರೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಬಾಯ್ಲರ್‌ನಲ್ಲಿ ಉರಿದು ಸ್ಟೀಮ್ ಆಗುತ್ತದೆ. ಆ ಸ್ಟೀಮು ಟರ್ಬೈನ್ ತಿರುಗಿಸುತ್ತದೆ. ಟರ್ಬೈನ್ ಒಳಗೆ ಏನೂ ಉರಿಯುವುದಿಲ್ಲ. ಗ್ಯಾಸ್ ಟರ್ಬೈನ್‌ನಲ್ಲಿ ಅನಿಲ ಒಳಗೇ ಉರಿದು, ಆ ಬಿಸಿ ಹೊಗೆಯೇ ಬ್ಲೇಡ್ ತಿರುಗಿಸುತ್ತದೆ. ವಿಮಾನದ ಇಂಜಿನ್ ಜಾತಿ ಅದು.

ಪಾಂಡವಪುರ ಕಬ್ಬು
ಗೊತ್ತಾಯ್ತು ಸಾರ್. ಆದರೆ ನನ್ನ ಮಾತು ಇಷ್ಟಕ್ಕೇ ಮುಗಿಯಲ್ಲ. ಇಂಗಾಲ ಕಡಿಮೆ ಮಾಡೋದೇ ಗುರಿ ಆದರೆ ಮಂಡ್ಯದಲ್ಲಿ ಅದಕ್ಕೆ ಹತ್ತಿರದ ದಾರಿ ಇದೆ. ಪ್ರೆಸ್‌ಮಡ್‌ನಿಂದ (ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ), ಸಗಣಿಯಿಂದ ಬಯೋಗ್ಯಾಸ್ ತೆಗೆದು ಶುದ್ಧ ಮಾಡಿದರೆ ಅದು ಮೀಥೇನೇ ತಾನೇ? ಟರ್ಬೈನ್‌ಗೆ ಒಂದು ನಟ್ಟೂ ಬದಲಾಯಿಸಬೇಕಾಗಿಲ್ಲ. ಉರಿ ಹಿಂದಕ್ಕೆ ಓಡುತ್ತೆ ಅನ್ನೋ ಭಯ ಇಲ್ಲ. ರೈತನಿಗೂ ನಾಲ್ಕು ಕಾಸು ಸಿಗುತ್ತೆ. ಪೈಪ್ ಗ್ಯಾಸ್, ಸಿಎನ್‌ಜಿಗೆ ಬಯೋಗ್ಯಾಸ್ ಬೆರೆಸೋದನ್ನ ಕೇಂದ್ರ 2025-26ರಿಂದ ಶೇ. 1 ಅಂತ ಕಡ್ಡಾಯ ಮಾಡಿ, 2028-29ಕ್ಕೆ ಶೇ. 5ಕ್ಕೆ ಒಯ್ಯುತ್ತೇವೆ ಅಂದಿದೆ. ಇಲ್ಲಿ ಇಷ್ಟು ಕಾರ್ಖಾನೆ ಇಟ್ಟುಕೊಂಡು ಅದರ ಬಗ್ಗೆ ಯಾರೂ ಮಾತಾಡಲ್ಲ. ಎಲ್ಲರಿಗೂ ಹೈಡ್ರೋಜನ್ನೇ ಬೇಕು.

ಬೋಗಾದಿ ಜ್ವಾಲೆ
ಒಳ್ಳೆ ಮಾತು ಹೇಳಿದಿರಿ. ದಹನದ ದೃಷ್ಟಿಯಿಂದ ಪೂರ್ತಿ ಸರಿ. ಒಂದೇ ಎಚ್ಚರ, ಬಯೋಗ್ಯಾಸ್ ಸೋರಬಾರದು. ಮೀಥೇನೂ ಭೂಮಿ ಬಿಸಿ ಮಾಡುವ ಅನಿಲವೇ, ಸೋರಿದರೆ ಲಾಭವೆಲ್ಲ ಹೋಯಿತು.

ಮೆಕ್ ಕೊನೇ ವರ್ಷ
ಆದರೆ ಪ್ರೆಸ್‌ಮಡ್ ಎಷ್ಟಿದೆ ಅಣ್ಣ? ಕಬ್ಬು ಅರೆಯುವ ಕಾಲದಲ್ಲಿ ಮಾತ್ರ ಸಿಗೋದು. ಒಂದು ದೊಡ್ಡ ಟರ್ಬೈನ್‌ಗೆ ಸಾಲಲ್ಲ. ಎರಡೂ ಬೇಕು.

ಕಾವೇರಿ ಕಾಳಜಿ
ಯಾರೂ ನೀರಿನ ಬಗ್ಗೆ ಮಾತಾಡ್ತಾ ಇಲ್ಲವಲ್ಲ. ಗ್ರೀನ್ ಹೈಡ್ರೋಜನ್ ಅಂದರೆ ನೀರು ಒಡೆದು ಮಾಡೋದು. ಕನ್ನಂಬಾಡಿ ತುಂಬದ ವರ್ಷ ಬೇಸಿಗೆ ಬೆಳೆಗೇ ನೀರು ಬಿಡಲ್ಲ. ಕುಡಿಯೋ ನೀರಿಗೆ ಬೆಂಗಳೂರು ಕೈಚಾಚಿ ಕೂತಿದೆ. ಇದರ ಮಧ್ಯೆ ಕರೆಂಟ್ ಮಾಡೋಕೆ ನೀರು ಒಡೀತೀವಿ ಅಂದರೆ ಮಂಡ್ಯದ ಜನ ಸುಮ್ನೆ ಇರ್ತಾರಾ?

ಶಕ್ತಿನಗರದಿಂದ ಕುವೆಂಪುನಗರ
ನಿಮ್ಮ ಆತಂಕ ನ್ಯಾಯವಾದದ್ದೇ. ಆದರೂ ಲೆಕ್ಕ ಹಾಕಿ ನೋಡೋಣ.

ಯಲಹಂಕದಲ್ಲಿ ರಾಜ್ಯದ ವಿದ್ಯುತ್ ನಿಗಮ ಕೆಪಿಸಿಎಲ್‌ನ 370 ಮೆಗಾವ್ಯಾಟ್ ಗ್ಯಾಸ್ ಸ್ಥಾವರ ಇದೆ. ಅಂಥ ಒಂದು ಸ್ಥಾವರಕ್ಕೆ ಶೇ. 30 ಬೆರೆಸುತ್ತೇವೆ ಅಂದುಕೊಳ್ಳಿ. ದಕ್ಷತೆ ಶೇ. 55 ಅಂತ ಹಿಡಿದರೆ ಒಳಗೆ ಹೋಗುವ ಶಾಖ ಸುಮಾರು 670 ಮೆಗಾವ್ಯಾಟ್. ಅದರಲ್ಲಿ ಶೇ. 11.4 ಹೈಡ್ರೋಜನ್‌ನಿಂದ, ಅಂದರೆ 77 ಮೆಗಾವ್ಯಾಟ್. ಗಂಟೆಗೆ 2.3 ಟನ್ ಹೈಡ್ರೋಜನ್ ಬೇಕು.

ಒಂದು ಕಿಲೋ ಹೈಡ್ರೋಜನ್‌ಗೆ 9 ಲೀಟರ್ ನೀರು. ಗಂಟೆಗೆ 21 ಸಾವಿರ ಲೀಟರ್, ದಿನಕ್ಕೆ 5 ಲಕ್ಷ ಲೀಟರ್. ಕೇಳೋಕೆ ದೊಡ್ಡದು. ಆದರೆ ಒಂದು ಟಿಎಂಸಿ ಅಂದರೆ 2,800 ಕೋಟಿ ಲೀಟರ್‌ಗೂ ಮೇಲೆ. ಈ ಲೆಕ್ಕದಲ್ಲಿ ಒಂದು ಟಿಎಂಸಿ ನೀರು ಹಗಲು ರಾತ್ರಿ ಓಡಿಸಿದರೂ 150 ವರ್ಷ ಬರುತ್ತದೆ. ಶುದ್ಧ ಮಾಡುವಾಗ ಹೋಗುವ ನೀರು, ತಣ್ಣಗೆ ಮಾಡುವ ನೀರು ಸೇರಿ ಮೂರು ಪಟ್ಟು ಅಂತಿಟ್ಟರೂ 50 ವರ್ಷ. ಕನ್ನಂಬಾಡಿಯಲ್ಲಿ ನಿಲ್ಲೋದು 49 ಟಿಎಂಸಿ ಚಿಲ್ಲರೆ. ನೀರಿಗಿಂತ ನಾವು ಹೆದರಬೇಕಾದದ್ದು ಕರೆಂಟಿಗೆ. ಆ 2.3 ಟನ್ ಮಾಡೋಕೆ 120 ಮೆಗಾವ್ಯಾಟ್ ಬೇಕು. ಟರ್ಬೈನ್‌ನಿಂದ ವಾಪಸ್ ಬರೋದು 42.

ಕಾವೇರಿ ಕಾಳಜಿ
ಲೆಕ್ಕ ಒಪ್ಪುತ್ತೇನೆ. ಆದರೂ ಬರಗಾಲದಲ್ಲಿ ಕಾರ್ಖಾನೆಗೆ ಮೊದಲು, ರೈತನಿಗೆ ಆಮೇಲೆ ಅನ್ನೋ ಹಾಗೆ ಆಗಬಾರದು. ಸಂಸ್ಕರಿಸಿದ ಕೊಳಚೆ ನೀರು ಬಳಸಬೇಕು ಅನ್ನೋ ಷರತ್ತು ಮೊದಲೇ ಹಾಕಿಸಬೇಕು.

ವಿ.ಸಿ. ನಾಲೆ
120 ಕೊಟ್ಟು 42 ತಗೊಳ್ಳೋದಾ? ಇದು ಯಾವ ವ್ಯಾಪಾರ ಸ್ವಾಮಿ? ಪಂಪ್ಡ್ ಸ್ಟೋರೇಜ್‌ನಲ್ಲಿ (ನೀರು ಮೇಲಕ್ಕೆತ್ತಿ ಇಟ್ಟು, ಬೇಕಾದಾಗ ಇಳಿಸಿ ಕರೆಂಟ್ ಮಾಡೋದು) ಶೇ. 75-80 ವಾಪಸ್ ಬರುತ್ತೆ. ಬ್ಯಾಟರಿಯಲ್ಲಿ ಅದಕ್ಕಿಂತ ಜಾಸ್ತಿ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಇದೆ. ಆ ಕರೆಂಟನ್ನು ನೇರ ಬಳಸಿದರೆ ಆಯ್ತು.

ದುಡ್ಡಿನ ಲೆಕ್ಕ ಹಾಕಿ. ಸೋಲಾರ್ ಕರೆಂಟ್ ಯೂನಿಟ್‌ಗೆ 3 ರೂಪಾಯಿ ಅಂತ ಹಿಡಿದರೆ ಒಂದು ಕಿಲೋ ಹೈಡ್ರೋಜನ್‌ಗೆ 52 ಯೂನಿಟ್, 156 ರೂಪಾಯಿ ಕರೆಂಟ್‌ಗೇ ಆಯ್ತು. ಅದರಿಂದ ಬರೋದು 18 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಮೇಲೆ ಬಿತ್ತು. ನೀರು ಒಡೆಯುವ ಎಲೆಕ್ಟ್ರೊಲೈಸರ್, ಟ್ಯಾಂಕ್, ಕಂಪ್ರೆಸರ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಇದನ್ನ ಕೊನೆಗೆ ನಮ್ಮ ಸೆಸ್ಕ್ ಕರೆಂಟ್ ಬಿಲ್‌ನಲ್ಲಿ ಕಟ್ಟೋದು ನಾವೇ.

ಟರ್ಬೈನ್ ಸರ್ವಿಸ್
ಒಂದು ರಾತ್ರಿಗೆ ಬ್ಯಾಟರಿ ಸರಿ ಅಣ್ಣ, ನಾನೂ ಅದನ್ನೇ ಹೇಳ್ತೀನಿ. ಆದರೆ ಮಳೆಗಾಲದಲ್ಲಿ ವಾರಗಟ್ಟಲೆ ಮೋಡ, ಗಾಳಿಯೂ ನಿಂತಿತು ಅಂದುಕೊಳ್ಳಿ. ಆಗ ಬ್ಯಾಟರಿ ಸಾಲಲ್ಲ. ಅಂಥ ಹೊತ್ತಿಗೆ ಅರ್ಧ ಗಂಟೆಯಲ್ಲಿ ಚಾಲೂ ಆಗುವ ಟರ್ಬೈನ್ ಒಂದು ನಿಂತಿರಬೇಕು. ಅಮೆರಿಕದ ಯೂಟಾದಲ್ಲಿ 840 ಮೆಗಾವ್ಯಾಟ್ ಸ್ಥಾವರವನ್ನು ಇದೇ ಯೋಚನೆಯಲ್ಲಿ ಕಟ್ಟಿದ್ದಾರೆ. ಹೈಡ್ರೋಜನ್ ಮಾಡಿ ನೆಲದಡಿಯ ಉಪ್ಪಿನ ಗುಹೆಯಲ್ಲಿ ತಿಂಗಳುಗಟ್ಟಲೆ ಇಡುವ ಯೋಜನೆ. ಮೊದಲು ಶೇ. 30, 2045ಕ್ಕೆ ಪೂರ್ತಿ ಅಂತ ಗುರಿ.

ಶಕ್ತಿನಗರದಿಂದ ಕುವೆಂಪುನಗರ
ಅಲ್ಲಿ ಉಪ್ಪಿನ ಪದರ ಇದೆ. ನಮ್ಮದು ಗಟ್ಟಿ ಕಲ್ಲಿನ ನಾಡು. ಇಲ್ಲಿ ಉಕ್ಕಿನ ಟ್ಯಾಂಕೇ ಗತಿ. ಅಷ್ಟು ಹೈಡ್ರೋಜನ್ ತಿಂಗಳುಗಟ್ಟಲೆ ಟ್ಯಾಂಕ್‌ನಲ್ಲಿ ಇಡೋದು ಬಹಳ ದುಬಾರಿ.

ಮಳವಳ್ಳಿ ಬ್ಲಫ್
ವಿಷಯ ಸ್ವಲ್ಪ ಆಚೆ ಹೋಗುತ್ತೆ, ಬೇಸರ ಬೇಡ. ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟ್ ಮಾಡಿ 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕಳಿಸಿದರು. ಆ ಕಾಲಕ್ಕೆ ಅಷ್ಟು ದೂರದ ಲೈನ್ ದೊಡ್ಡ ಸಾಹಸ. ಅದು ನಿಂತಿದ್ದು ಗಣಿಯವರು ಕೊಳ್ಳೋಕೆ ಮೊದಲೇ ಸಿದ್ಧ ಇದ್ದುದರಿಂದ. ಬೆಂಗಳೂರಿಗೆ ದೀಪ ಬಂದಿದ್ದು ಆಮೇಲೆ, 1905ರಲ್ಲಿ. ಹೈಡ್ರೋಜನ್‌ಗೂ ಮೊದಲು ಕೊಳ್ಳುವವನು ಯಾರು ಅಂತ ನೋಡಬೇಕು.

ಒಂಟಿಕೊಪ್ಪಲು
ಕೊಳ್ಳುವವರು ಇದ್ದಾರೆ ಕಣ್ರೀ, ಅದೇ ನನ್ನ ತಕರಾರು. ನಮ್ಮ ದೇಶ ಈಗಲೇ ವರ್ಷಕ್ಕೆ ಸುಮಾರು 50 ಲಕ್ಷ ಟನ್ ಹೈಡ್ರೋಜನ್ ಬಳಸುತ್ತದೆ. ಬಹುಪಾಲು ರಿಫೈನರಿಗೆ, ಯೂರಿಯಾ ಗೊಬ್ಬರಕ್ಕೆ. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿ, ಎಂಸಿಎಫ್ ಗೊಬ್ಬರ ಕಾರ್ಖಾನೆ ಎರಡೂ ಈ ಸಾಲಿನವೇ. ಆ ಹೈಡ್ರೋಜನ್ ಹೆಚ್ಚಾಗಿ ಬರೋದು ನೈಸರ್ಗಿಕ ಅನಿಲದಿಂದಲೇ. ಒಂದು ಕಿಲೋ ಮಾಡಲು 9ರಿಂದ 10 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ.

ಈಗ ನಮ್ಮ ಕೈಗೆ ಒಂದು ಕಿಲೋ ಗ್ರೀನ್ ಹೈಡ್ರೋಜನ್ ಸಿಕ್ಕಿತು ಅನ್ನಿ. ಅದನ್ನು ಗೊಬ್ಬರ ಕಾರ್ಖಾನೆಗೆ ಕೊಟ್ಟರೆ 9-10 ಕಿಲೋ ಇಂಗಾಲ ಉಳಿಯಿತು. ಟರ್ಬೈನ್‌ನಲ್ಲಿ ಉರಿಸಿದರೆ ಅದು ಉಳಿಸುವ ಅನಿಲದ ಲೆಕ್ಕದಲ್ಲಿ 7 ಕಿಲೋಗೂ ಒಳಗೆ. ಅದೇ ಕಿಲೋ, ಕಡಿಮೆ ಫಲ. ಮೊದಲು ಗೊಬ್ಬರಕ್ಕೆ ಕೊಡಿ. ಟರ್ಬೈನ್ ಸಾಲಿನ ಕೊನೆಯಲ್ಲಿ ನಿಲ್ಲಲಿ.

ಇನ್ನೂ ಒಂದು. ಅನಿಲದಿಂದ ಮಾಡಿದ ಸಾಮಾನ್ಯ ಹೈಡ್ರೋಜನ್ ತಂದು ಟರ್ಬೈನ್‌ಗೆ ಬೆರೆಸಿದರೆ ಹೊಗೆ ಕಡಿಮೆಯಾಗೋದಿಲ್ಲ, ಜಾಸ್ತಿಯಾಗುತ್ತದೆ. 7 ಉಳಿಸೋಕೆ 10 ಬಿಟ್ಟ ಹಾಗಾಯ್ತು. ನಮ್ಮ ಸರ್ಕಾರ 2023ರಲ್ಲಿ ಗ್ರೀನ್ ಅನ್ನಿಸಿಕೊಳ್ಳಲು ಕಿಲೋಗೆ 2 ಕಿಲೋ ಇಂಗಾಲ ಮೀರಬಾರದು ಅಂತ ಮಿತಿ ಇಟ್ಟಿದೆ. ಆ ಮಿತಿಯೊಳಗಿನ ಹೈಡ್ರೋಜನ್ ಅಂತ ಖಾತ್ರಿ ಇಲ್ಲದೆ ಯಾರೇ ಬೆರೆಸಿದರೂ ಒಪ್ಪಬಾರದು.

ಮೆಕ್ ಕೊನೇ ವರ್ಷ
ನೀವು ಹೇಳೋದು ಸರಿಯಾದರೂ ಪ್ರಯೋಗ ಈಗಲೇ ಶುರು ಮಾಡಬೇಕು. ಹೈಡ್ರೋಜನ್ ಅಗ್ಗವಾದ ದಿನ ಟರ್ಬೈನ್ ಸಿದ್ಧ ಇಲ್ಲ ಅಂದರೆ ಮತ್ತೆ ಹತ್ತು ವರ್ಷ ಹಿಂದೆ. ದೇಶದಲ್ಲಿ ಸುಮಾರು 20 ಸಾವಿರ ಮೆಗಾವ್ಯಾಟ್ ಗ್ಯಾಸ್ ಸ್ಥಾವರಗಳಿವೆ.

ವಿ.ಸಿ. ನಾಲೆ
ಇವೆ, ಆದರೆ ಓಡೋದೇ ಅಪರೂಪ. ಗ್ಯಾಸ್ ಇಲ್ಲ, ಇದ್ದರೂ ಬೆಲೆ ತಡೆಯಲ್ಲ. 2024ರ ಬೇಸಿಗೆಯಲ್ಲಿ ಕೇಂದ್ರವೇ ಆದೇಶ ಮಾಡಿ ಓಡಿಸಬೇಕಾಯಿತು. ತಣ್ಣೀರುಬಾವಿ ನೆನಪಿದೆಯಾ? ಮಂಗಳೂರಿನಲ್ಲಿ ನಾಫ್ತಾ ಅನ್ನೋ ಪೆಟ್ರೋಲಿಯಂ ಇಂಧನ ಉರಿಸುವ, ನೀರಿನ ಮೇಲೆ ತೇಲುವ 220 ಮೆಗಾವ್ಯಾಟ್ ಬಾರ್ಜ್ ಸ್ಥಾವರ. ನಾಫ್ತಾ ಕರೆಂಟ್ ದುಬಾರಿ ಅಂತ ಎಷ್ಟು ಗಲಾಟೆ ಆಯಿತು. ಕೊನೆಗೆ ಬಾರ್ಜನ್ನೇ ಕಾಕಿನಾಡಕ್ಕೆ ಸಾಗಿಸಿದರು. ಇಂಧನ ದುಬಾರಿಯಾದರೆ ಎಂಥ ಮಷೀನ್ ಇದ್ದರೂ ನಿಲ್ಲುತ್ತದೆ.

ಗೃಹಿಣಿ ಸರಸ್ವತೀಪುರಂ
ನಮ್ಮ ಬೀದಿಗೆ ಈಗ ಪೈಪ್ ಗ್ಯಾಸ್ ಬರುತ್ತಿದೆ. ಅದಕ್ಕೂ ಮುಂದೆ ಹೈಡ್ರೋಜನ್ ಬೆರೆಸುತ್ತಾರಾ? ಮನೆಯಲ್ಲಿ ಮಕ್ಕಳಿದ್ದಾರೆ. ಹೈಡ್ರೋಜನ್ ಅಂದರೆ ಸಿಡಿಯುತ್ತೆ ಅಂತ ಕೇಳಿದ್ದೇನೆ, ಭಯ ಆಗುತ್ತೆ.

ಶಕ್ತಿನಗರದಿಂದ ಕುವೆಂಪುನಗರ
ಅಮ್ಮಾ, ಭಯ ಬೇಡ, ಎಚ್ಚರ ಬೇಕು. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದಲ್ಲಿ ಶೇ. 20ರವರೆಗೆ ಬೆರೆಸಿ ಅಲ್ಲಿನ ಮನೆಗಳಿಗೂ ವಿಶ್ವವಿದ್ಯಾಲಯದ ಕಟ್ಟಡಗಳಿಗೂ ಕೊಟ್ಟು ನೋಡಿದ್ದಾರೆ. ಒಲೆಗಳನ್ನು ಬದಲಾಯಿಸಲಿಲ್ಲ.

ನಾನು ರಾಯಚೂರಿನ ಥರ್ಮಲ್‌ನಲ್ಲಿ ವರ್ಷಗಟ್ಟಲೆ ಹೈಡ್ರೋಜನ್ ಪಕ್ಕದಲ್ಲೇ ಕೆಲಸ ಮಾಡಿದವನು. ಬಹಳ ಜನಕ್ಕೆ ಗೊತ್ತಿಲ್ಲ, 210 ಮೆಗಾವ್ಯಾಟ್ ಜನರೇಟರ್‌ಗಳನ್ನು ತಣ್ಣಗೆ ಇಡುವುದೇ ಹೈಡ್ರೋಜನ್. ಹಗುರ, ಶಾಖ ಬೇಗ ಒಯ್ಯುತ್ತದೆ. ತುಂಬುವಾಗ ನೇರ ತುಂಬುವಂತಿಲ್ಲ. ಮೊದಲು ಒಳಗಿನ ಗಾಳಿಯನ್ನು ಇಂಗಾಲದ ಡೈಆಕ್ಸೈಡ್‌ನಿಂದ ಹೊರಗೆ ತಳ್ಳಬೇಕು. ಆಮೇಲೆ ಹೈಡ್ರೋಜನ್ ಬಿಡಬೇಕು. ತೆಗೆಯುವಾಗಲೂ ಅದೇ ಕ್ರಮ, ಉಲ್ಟಾ. ಗಾಳಿ, ಹೈಡ್ರೋಜನ್ ಒಂದನ್ನೊಂದು ಮುಟ್ಟಬಾರದು, ಅಷ್ಟೇ. ಮೀಥೇನ್ ಗಾಳಿಯಲ್ಲಿ ಶೇ. 5ರಿಂದ 15ರೊಳಗೆ ಇದ್ದರೆ ಮಾತ್ರ ಹತ್ತಿಕೊಳ್ಳುತ್ತದೆ. ಹೈಡ್ರೋಜನ್ 4ರಿಂದ 75ರವರೆಗೂ ಹತ್ತಿಕೊಳ್ಳುತ್ತದೆ. ಮೇಲಾಗಿ ಅದರ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ನಾನು ಹೊಸ ಹುಡುಗರಿಗೆ ಮೊದಲ ದಿನವೇ ಇದನ್ನು ಹೇಳುತ್ತಿದ್ದೆ.

ಟರ್ಬೈನ್ ಸರ್ವಿಸ್
ಟರ್ಬೈನ್‌ನಲ್ಲೂ ಅದೇ ಶಿಸ್ತು. ಚಾಲೂ ಮಾಡೋದು ಬರೀ ನೈಸರ್ಗಿಕ ಅನಿಲದಲ್ಲಿ. ಲೋಡ್ ಸ್ಥಿರವಾದ ಮೇಲೆ ನಿಧಾನಕ್ಕೆ ಬೆರೆಸುವುದು. ನಿಲ್ಲಿಸುವ ಮೊದಲು ಮತ್ತೆ ಬರೀ ಅನಿಲಕ್ಕೆ ಬರುವುದು. ಟರ್ಬೈನ್ ಸುತ್ತಲಿನ ಪೆಟ್ಟಿಗೆಯ ಗಾಳಿ ಓಡಾಟ, ಸೋರಿಕೆ ಸೆನ್ಸರ್, ಉರಿ ಸೆನ್ಸರ್ ಎಲ್ಲ ಬದಲಾಗಬೇಕು. ಎಲೆಕ್ಟ್ರಿಕಲ್ ಸಾಮಾನೂ ಅಷ್ಟೇ. ಮೀಥೇನ್‌ಗೆ ನಡೆಯುವ ಸುರಕ್ಷತಾ ಗ್ರೂಪಿನದು ಹೈಡ್ರೋಜನ್‌ಗೆ ನಡೆಯಲ್ಲ.

ಹೆಬ್ಬಾಳ್ ಲೇತ್
ಎಲ್ಲರ ಮಾತೂ ಓದಿದೆ. ವಿ.ಸಿ. ನಾಲೆಯವರ ಲೆಕ್ಕ ನೋಡಿದರೆ ಬೇಡ ಅನಿಸುತ್ತೆ, ಸರ್ವಿಸ್ ಅಣ್ಣನ ಮಾತು ಕೇಳಿದರೆ ಮಾಡೋಣ ಅನಿಸುತ್ತೆ. ನನ್ನಂಥವನು ಏನು ಮಾಡಬೇಕು? ಹೈಡ್ರೋಜನ್‌ನಿಂದ ಲೋಹ ಪೆಡಸಾಗುತ್ತದೆ ಅಂತಲೂ ಕೇಳಿದ್ದೇನೆ. ನಿಕಲ್ ಅಲಾಯ್‌ಗೂ ಅದು ಇದೆಯಾ?

ಬೋಗಾದಿ ಜ್ವಾಲೆ
ನಿಕಲ್ ಅಲಾಯ್‌ಗಳಿಗೂ ಇದೆ. ಆದರೆ ಪೆಡಸಾಗುವ ಕಾಟ ಜಾಸ್ತಿ ಕಾಣೋದು ಸಾಮಾನ್ಯ ಉಷ್ಣತೆಯಲ್ಲಿ, ಒತ್ತಡ ಹೆಚ್ಚಿರುವ ಕಡೆ, ಗಡಸು ಉಕ್ಕಿನಲ್ಲಿ. ಅಂದರೆ ಪೈಪು, ವಾಲ್ವ್ ಸ್ಟೆಮ್, ಬೋಲ್ಟು. ನಾಜಲ್‌ನ ಬಿಸಿ ತುದಿಗೆ ಅದಕ್ಕಿಂತ ಫ್ಲ್ಯಾಶ್‌ಬ್ಯಾಕ್, ಶಾಖದ ಬಿರುಕು ದೊಡ್ಡ ಶತ್ರು. ವಾಲ್ವ್ ಬಾಡಿ ಕೆಲಸ ನೀವು ಮಾಡುತ್ತೀರಲ್ಲ, ಹೈಡ್ರೋಜನ್ ವಾಲ್ವ್‌ಗೆ ಸಾಮಾನ್ಯವಾಗಿ 316ಎಲ್ ಸ್ಟೇನ್‌ಲೆಸ್ ಆರಿಸುತ್ತಾರೆ. ಅದು ನಿಮ್ಮ ಕೈಯಲ್ಲಿ ಈಗಲೇ ಇರುವ ಕೆಲಸ.

ಟರ್ಬೈನ್ ಸರ್ವಿಸ್
ನನ್ನ ಸಲಹೆ ಕೇಳಿ ಅಣ್ಣ. ಬರೀ ಹೈಡ್ರೋಜನ್ ನಂಬಿ ಸಾಲ ಮಾಡಬೇಡಿ. ನೀವು ಕೊಳ್ಳುವ ಮಷೀನ್‌ನಲ್ಲಿ ಸಾಮಾನ್ಯ ಗ್ಯಾಸ್ ಟರ್ಬೈನ್‌ನ ನಾಜಲ್, ವಿಮಾನದ ಬಿಡಿಭಾಗ, ವಾಲ್ವ್ ಟ್ರಿಮ್ (ವಾಲ್ವ್‌ನ ಒಳಭಾಗಗಳು) ಕೂಡ ಮಾಡಲು ಬರಬೇಕು. ನಿಕಲ್ ಅಲಾಯ್‌ನಲ್ಲಿ ಸಣ್ಣ ತೂತಿಗೆ ಕರೆಂಟ್ ಕಿಡಿಯಿಂದ ಲೋಹ ಕೊರೆಯುವ ಇಡಿಎಂ ಮಷೀನ್ ಬೇಕೇ ಬೇಕು. ಅದಕ್ಕೆ ಕೆಲಸ ಯಾವಾಗಲೂ ಇರುತ್ತದೆ. ಹೊಸ ಬರ್ನರ್‌ಗಳನ್ನು ಈಗ ತ್ರೀಡಿ ಪ್ರಿಂಟ್ ಮಾಡುತ್ತಾರೆ. ಆ ಪ್ರಿಂಟರ್‌ಗೆ ನೀವು ಕೈಹಾಕಬೇಡಿ, ತುಂಬಾ ದುಡ್ಡು. ಪ್ರಿಂಟ್ ಆದ ಮೇಲೆ ಸೀಲ್ ಕೂರುವ ಜಾಗ, ಥ್ರೆಡ್ಡು, ಮುಖ ಎಲ್ಲ ಮಷೀನ್ ಮಾಡಲೇಬೇಕು. ಆ ಕೆಲಸ ಹಿಡಿಯಿರಿ.

ಎಷ್ಟು ಪೀಸು, ಎಷ್ಟು ವರ್ಷ ಅಂತ ಬರೆಸಿಕೊಳ್ಳಿ. ಬಾಯಿಮಾತಿಗೆ ಒಂದು ಕಡೆ ನಂಬಿ ಮಷೀನ್ ತಂದು ಕೂತವರನ್ನು ನೋಡಿದ್ದೇನೆ.

ಒಂಟಿಕೊಪ್ಪಲು
ಇದನ್ನು ಒಪ್ಪುತ್ತೇನೆ. ಟರ್ಬೈನ್ ಸಾಲಿನ ಕೊನೆಗೆ ಅಂದೆನಲ್ಲ, ಆ ಸಾಲು ಮುಂದೆ ಹೋಗೋದಂತೂ ನಿಜ. ರಿಫೈನರಿ, ಗೊಬ್ಬರ ಕಾರ್ಖಾನೆಗೂ ಹೈಡ್ರೋಜನ್ ವಾಲ್ವ್ ಬೇಕು. ಅವರನ್ನೂ ವಿಚಾರಿಸಿ.

ಹೆಬ್ಬಾಳ್ ಲೇತ್
ಸರಿ. ಕೊಟೇಶನ್ ಕೊಡುತ್ತೇನೆ, ಆದರೆ ಇಡಿಎಂ ಕೆಲಸಕ್ಕೆ ಮಾತ್ರ. ಪೀಸಿನ ಲೆಕ್ಕ ಬರವಣಿಗೆಯಲ್ಲಿ ಕೊಟ್ಟರೆ ಮಾತ್ರ ಮುಂದಿನ ಮಾತು. ಇನ್ನೊಂದು ಕೇಳಬೇಕಿತ್ತು. ಪ್ರತಿ ನಾಜಲ್‌ಗೂ ಫ್ಲೋ ಟೆಸ್ಟ್ ರಿಪೋರ್ಟ್ ಬೇಕು ಅಂದಿದ್ದಾರೆ. ಅದಕ್ಕೆ ನಮ್ಮ ಶಾಪ್‌ನಲ್ಲಿ ಹೈಡ್ರೋಜನ್ ಸಿಲಿಂಡರ್ ಇಡಬೇಕಾಗುತ್ತದಾ?

ಬೋಗಾದಿ ಜ್ವಾಲೆ
ಬೇಡವೇ ಬೇಡ. ಫ್ಲೋ ಟೆಸ್ಟ್ ಗಾಳಿಯಲ್ಲೇ ಮಾಡಿ, ಒಣಗಿಸಿದ ಶುದ್ಧ ಗಾಳಿ. ಒಂದು ಬರ್ನರ್‌ನ ಎಲ್ಲ ನಾಜಲ್‌ಗಳ ಹರಿವು ಒಂದೇ ಸಮ ಇದೆಯಾ ಅಂತ ನೋಡುವುದು ಮುಖ್ಯ. ಒಂದರಲ್ಲಿ ಜಾಸ್ತಿ ಹರಿದರೆ ಅಲ್ಲೇ ಬಿಸಿ ಏರಿ ನಾಕ್ಸೂ ಏರುತ್ತದೆ. ಸೋರಿಕೆಗೆ ಹೀಲಿಯಂ ಟೆಸ್ಟ್ ಮಾಡಿಸಿ. ಹೀಲಿಯಂ ಹತ್ತಿಕೊಳ್ಳುವುದಿಲ್ಲ, ಹೈಡ್ರೋಜನ್ ನುಸುಳುವಂಥ ಸಣ್ಣ ಸಂದಿನಲ್ಲೂ ನುಸುಳುತ್ತದೆ. ಅದರ ಯಂತ್ರ ಕೊಳ್ಳುವ ಅಗತ್ಯ ಇಲ್ಲ, ಬೆಂಗಳೂರಿನಲ್ಲಿ ಜಾಬ್ ವರ್ಕ್ ಆಗಿ ಮಾಡಿಕೊಡುವವರಿದ್ದಾರೆ.